ವಿಲೋ ಗುಡಿಸಲು ಶಿರಸಿಗೆ ಬರುತ್ತದೆಯೇ?

ಪ್ರಶ್ನೆ: ನಾವು ಜರ್ಮನಿಯ ಯೆನಾ ಊರಿನಲ್ಲಿದ್ದೇವೆ. ಮಗಳ ಶಿಶುವಿಹಾರದ ಅಂಗಳದಲ್ಲಿ ವಿಲೋ ಕಡ್ಡಿಗಳನ್ನು ನೆಟ್ಟು, ಬಗ್ಗಿಸಿ, ಹೆಣೆದು ಮಾಡಿದ ಹಸಿರು ಗುಡಿಸಲೊಂದಿದೆ. ಕಡ್ಡಿಗಳು ಚಿಗುರಿ ಗುಡಿಸಲೇ ಗಿಡವಾಗಿದೆ. ವೈಮಾರ್ ಹತ್ತಿರದ ಆವರ್‌ಷ್ಟೆಟ್‌ನಲ್ಲಿರುವ ದೊಡ್ಡ ವಿಲೋ ಅರಮನೆಯನ್ನೂ ನೋಡಿ ಬಂದೆವು. ನಮ್ಮ ಊರು ಶಿರಸಿ ಕಡೆ, ಅಡಿಕೆ ತೋಟವಿದೆ. ಮೂರು ವಿಷಯ ಕೇಳಬೇಕು. ಇಲ್ಲಿ ನಾವು ಬಾಡಿಗೆಗೆ ಪಡೆದ ಸಣ್ಣ ತೋಟದಲ್ಲಿ ಇಂಥದ್ದನ್ನು ನಾವೇ ಕಟ್ಟಬಹುದೇ? ರಜೆಗೆ ಬರುವಾಗ ಕಡ್ಡಿ ತಂದು ಊರಿನ ಶಾಲೆಯಲ್ಲಿ ನೆಡಬಹುದೇ? ವರ್ಷ ವರ್ಷ ಕೆಲಸ ಕೇಳುವ ಕಟ್ಟಡವನ್ನು ಸುಸ್ಥಿರ ಅಂತ ಕರೆಯುವುದು ಹೇಗೆ? ಫೋಟೋ ಕಳಿಸಿದರೆ ಅಪ್ಪ ನಕ್ಕರು. ‘ಅಲ್ಲಿವರೆಗೆ ಹೋಗಿ ಸೋಗೆ ಮಾಡು ನೋಡ್ಕಂಡು ಬಂದ್ಯಾ?’ ಅಂದರು.

ಉತ್ತರ: ನಮಸ್ಕಾರ. ಮೊದಲನೆಯದಕ್ಕೆ ಧಾರಾಳವಾಗಿ ಹೌದು. ಎರಡನೆಯದಕ್ಕೆ ಬೇಡ. ಮೂರನೆಯದಕ್ಕೆ, ಸೋಗೆ ಮಾಡಿನ (ಅಡಿಕೆ ಗರಿ ಹೊದಿಸಿದ ಚಾವಣಿಯ) ಬಗ್ಗೆ ನಿಮ್ಮ ತಂದೆಯವರು ಮಾಡಿದ ತಮಾಷೆಯಲ್ಲೇ ಅರ್ಧ ಉತ್ತರವಿದೆ. ಎರಡನೆಯದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ‘ಬೇಡ’ ಅಂದ ಮೇಲೆ ‘ಹಾಗಾದರೆ ಏನು ಮಾಡಲಿ’ ಅಂತ ನೀವು ಕೇಳಿಯೇ ಕೇಳುತ್ತೀರಿ, ಅಲ್ಲಿ ಹೇಳುವುದು ಜಾಸ್ತಿ ಇದೆ.

ವಿಲೋ ಅಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಕ್ರಿಕೆಟ್ ಬ್ಯಾಟು. ಬ್ಯಾಟಿಗೆ ಬೇಕಾಗುವುದು ಬಿಳಿ ವಿಲೋ ಮರದ ದಪ್ಪ ಕಾಂಡ. ನೀವು ನೋಡಿದ ಗುಡಿಸಲಿಗೆ ಬೇಕಾಗುವುದು ಹೆಚ್ಚಾಗಿ ಒಂದೆರಡು ವರ್ಷದ ಉದ್ದನೆಯ ಕಡ್ಡಿ. ಬುಟ್ಟಿ ಹೆಣೆಯುವವರು ಬೆಳೆಸುವ ಸ್ಯಾಲಿಕ್ಸ್ ವಿಮಿನಾಲಿಸ್‌ನಂಥ ಜಾತಿಗಳು ಇದಕ್ಕೆ ಒಳ್ಳೆಯವು. ಚಳಿಗಾಲದಲ್ಲಿ ಬುಡದವರೆಗೆ ಸವರಿದರೆ ಮುಂದಿನ ಬೇಸಿಗೆಯಲ್ಲಿ ಎರಡು ಮೂರು ಮೀಟರ್ ಉದ್ದದ, ಕವಲಿಲ್ಲದ ನೇರ ಕಡ್ಡಿಗಳು ಬರುತ್ತವೆ. ಮತ್ತೆ ಸವರಿ, ಮತ್ತೆ ಬರುತ್ತವೆ. ಇಂಗ್ಲೆಂಡಿನ ಸಾಮರ್‌ಸೆಟ್‌ನ ತಗ್ಗು ಹೊಲಗಳಲ್ಲಿ ಇವತ್ತಿಗೂ ಇದನ್ನು ಬುಟ್ಟಿಗಾಗಿ ಬೆಳೆಯುತ್ತಾರೆ.

ಈ ಗಿಡದ ಗುಟ್ಟು ತೊಗಟೆಯೊಳಗಿದೆ. ಬೇರಿನ ಮೊಳಕೆಗಳು ಕಡ್ಡಿಯಲ್ಲಿ ಮೊದಲೇ ತಯಾರಾಗಿ ಸುಮ್ಮನೆ ಮಲಗಿರುತ್ತವೆ. ಕತ್ತರಿಸಿ ಒದ್ದೆ ಮಣ್ಣಿಗೆ ಚುಚ್ಚಿದರೆ ಸಾಕು, ಹೊರಗೆ ಬರುತ್ತವೆ. ಆದರೆ ಒಂದು ಷರತ್ತಿದೆ. ಎಲೆ ಉದುರಿದ ಮೇಲೆ, ಮೊಗ್ಗು ಬಿರಿಯುವ ಮೊದಲು ಕತ್ತರಿಸಬೇಕು. ನೀವಿರುವ ಕಡೆ ಅದು ಸರಿಸುಮಾರು ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆ. ಆಗ ಗಿಡ ತನ್ನ ಕೂಡಿಟ್ಟ ಸಕ್ಕರೆಯನ್ನೆಲ್ಲ ಕಡ್ಡಿ ಮತ್ತು ಬೇರಿನಲ್ಲಿ ಇಟ್ಟುಕೊಂಡು ನಿದ್ದೆಯಲ್ಲಿರುತ್ತದೆ. ಎಲೆ ಬಂದ ಮೇಲೆ ಕಡಿದರೆ ಎಲೆ ನೀರು ಕೇಳುತ್ತದೆ, ಕೊಡಲು ಬೇರಿಲ್ಲ, ಕಡ್ಡಿ ಒಣಗುತ್ತದೆ. ಇಂಥ ಕಟ್ಟಡಗಳಲ್ಲಿ ನಾನು ಮೊದಲು ಕೇಳುವುದು ಯಾವ ಗಿಡ ಅಂತ ಅಲ್ಲ, ಯಾವ ತಿಂಗಳಲ್ಲಿ ಕಡಿದಿರಿ ಅಂತ. ಆ ಮೇಲೆ ಕೇಳುವುದು, ಮುಂದಿನ ವರ್ಷ ಅದೇ ತಿಂಗಳಲ್ಲಿ ಯಾರು ಬರುತ್ತಾರೆ ಅಂತ.

ನೀವು ನೋಡಿದ ಅರಮನೆ 1998ರದ್ದು. ಸ್ವಿಸ್ ಮೂಲದ ವಾಸ್ತುಶಿಲ್ಪಿ ಮಾರ್ಸೆಲ್ ಕಾಲ್ಬೆರರ್ ಮತ್ತು ಅವರ ಬಳಗ ಸುಮಾರು 300 ಸ್ವಯಂಸೇವಕರನ್ನು ಸೇರಿಸಿಕೊಂಡು ಕಟ್ಟಿದ್ದು. 2001ರಲ್ಲಿ ಇವರೇ ಬಾಲ್ಟಿಕ್ ತೀರದ ರೋಸ್ಟಾಕ್‌ನಲ್ಲಿ 15 ಮೀಟರ್ ಎತ್ತರದ ವಿಲೋ ಚರ್ಚನ್ನೂ ಎಬ್ಬಿಸಿದರು. ಅಷ್ಟು ತೆಳ್ಳನೆಯ ಕಡ್ಡಿ ಅಷ್ಟು ಎತ್ತರ ನಿಲ್ಲುವುದು ಹೇಗೆ? ಒಂಟಿಯಾಗಿ ನಿಲ್ಲುವುದಿಲ್ಲ. ಕಡ್ಡಿಗಳನ್ನು ಕಂತೆ ಕಟ್ಟಿ, ಕಂತೆಯನ್ನೇ ಕಂಬ ಮಾಡಿ, ಎದುರುಬದುರಿನ ಕಂಬಗಳ ತುದಿಯನ್ನು ಬಗ್ಗಿಸಿ ಸೇರಿಸಿದರೆ ಕಮಾನು ಆಗುತ್ತದೆ.

ಈ ಉಪಾಯ ಜರ್ಮನಿಯಲ್ಲಿ ಹುಟ್ಟಿದ್ದಲ್ಲ. ದಕ್ಷಿಣ ಇರಾಕಿನ ಜೌಗು ಪ್ರದೇಶದ ಅರಬ್ಬರು ಜೊಂಡಿನಿಂದ ಮುಧೀಫ್ ಎಂಬ ದೊಡ್ಡ ಪಡಸಾಲೆ ಕಟ್ಟುತ್ತಾರೆ. ಬಂದವರನ್ನು ಕೂರಿಸುವ, ಊರಿನ ನ್ಯಾಯ ತೀರ್ಮಾನ ಮಾಡುವ ಜಾಗ ಅದು. ಜೊಂಡಿನ ದಪ್ಪ ಕಂತೆಗಳನ್ನು ಗುಂಡಿಗೆ ಇಳಿಸುವಾಗ ಅವರು ನೇರವಾಗಿ ನಿಲ್ಲಿಸುವುದಿಲ್ಲ, ಸ್ವಲ್ಪ ಹೊರಕ್ಕೆ ವಾಲಿಸುತ್ತಾರೆ. ಆಮೇಲೆ ತುದಿಗಳನ್ನು ಹಗ್ಗದಿಂದ ಒಳಕ್ಕೆ ಎಳೆದು ಕಟ್ಟುತ್ತಾರೆ. ಹೊರಕ್ಕೆ ಹೋಗಬೇಕೆನ್ನುವ ಕಂತೆಯನ್ನು ಒಳಕ್ಕೆ ಎಳೆದಾಗ ಇಡೀ ಕಮಾನು ಬಿಗಿಯಾಗುತ್ತದೆ, ಗಾಳಿಗೆ ಅಲ್ಲಾಡುವುದು ಕಮ್ಮಿ. ಸುಮಾರು 5,000 ವರ್ಷ ಹಳೆಯ, ಪ್ರಾಚೀನ ಇರಾಕಿನ ಉರುಕ್ ಕಾಲದ ಒಂದು ಕಲ್ಲುತೊಟ್ಟಿಯ ಮೇಲೆ ಇಂಥದೇ ಜೊಂಡಿನ ಮನೆ ಕೆತ್ತಿದ್ದಾರೆ. ಅದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕಾಲ್ಬೆರರ್ ಅವರಿಗೆ ದಾರಿ ತೋರಿಸಿದ್ದು ಈ ಪರಂಪರೆ. 1991ರ ನಂತರ ಸದ್ದಾಂ ಸರ್ಕಾರ ಆ ಜೌಗನ್ನು ಬತ್ತಿಸಿತು. ಜೊಂಡು ಹೋಯಿತು, ಜೊಂಡಿನ ಜೊತೆ ಮನೆಗಳೂ ಹೋದವು. 2003ರ ನಂತರ ಒಡ್ಡು ಒಡೆದು ನೀರು ಬಿಟ್ಟಾಗ ಸಾಕಷ್ಟು ಕಡೆ ಎರಡೂ ವಾಪಸ್ ಬಂದವು.

ಈಗ ನಿಮ್ಮ ತೋಟಕ್ಕೆ ಬರೋಣ. ಕಡ್ಡಿಗೆ ಮುಂಚೆ ತೋಟದ ಸಂಘದವರನ್ನು ಕೇಳಿ. ಬಾಡಿಗೆ ತೋಟಗಳಿಗೆ ಅಲ್ಲಿ ಕಟ್ಟುನಿಟ್ಟಿನ ನಿಯಮಗಳಿವೆ, ಹಲವು ಸಂಘಗಳು ವಿಲೋದಂಥ ಮರ ಆಗುವ ಗಿಡ ನೆಡಲು ಬಿಡುವುದೇ ಇಲ್ಲ. ಪ್ರತಿ ವರ್ಷ ಸವರಿ ಪೊದೆಯಾಗಿಯೇ ಇಡುತ್ತೇವೆ ಅಂತ ಹೇಳಿದರೆ ಒಪ್ಪಬಹುದು. ಜಾಗ ಆರಿಸುವಾಗ ಕಟ್ಟಡದಿಂದ, ಚರಂಡಿ ಕೊಳವೆಯಿಂದ ಕಡಿಮೆ ಎಂದರೂ 10 ಮೀಟರ್ ದೂರ ಇರಲಿ. ವಿಲೋ ಬೇರು ನೀರು ಎಲ್ಲಿದ್ದರೂ ಮೂಸಿಕೊಂಡು ಹೋಗುತ್ತದೆ, ಕೊಳವೆಯ ಸಂದಿಯನ್ನೂ ಬಿಡುವುದಿಲ್ಲ. ಬಿಸಿಲು ಬೇಕು. ದೊಡ್ಡ ಮರದ ಕೆಳಗೆ ಇದು ಏಳುವುದಿಲ್ಲ.

ಮಕ್ಕಳಿಗೆ ಎರಡೂವರೆ ಮೀಟರ್ ಅಗಲದ ಗುಮ್ಮಟ ಸಾಕು. ನಡುವೆ ಗೂಟ ಹೊಡೆದು, ಹಗ್ಗ ಕಟ್ಟಿ, ನೆಲದ ಮೇಲೆ ವೃತ್ತ ಗೀರಿ. ಗೆರೆಯ ಎರಡೂ ಬದಿ ಅರ್ಧ ಅರ್ಧ ಮೀಟರ್ ಹುಲ್ಲು ಕೆತ್ತಿ ತೆಗೆಯಿರಿ. ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಮೊದಲ ವರ್ಷ ವಿಲೋವನ್ನು ಕೊಲ್ಲುವುದು ಚಳಿಯಲ್ಲ, ಪಕ್ಕದ ಹುಲ್ಲು. ಎಳೆ ಬೇರಿಗೆ ಬರುವ ನೀರನ್ನೆಲ್ಲ ಅದೇ ಕುಡಿಯುತ್ತದೆ. ಕೆತ್ತಿದ ಜಾಗಕ್ಕೆ ಮರದ ಚಕ್ಕೆ ಅಥವಾ ದರಗು ದಪ್ಪಗೆ ಹಾಸಿ.

ಗೆರೆಯ ಮೇಲೆ 40 ಸೆಂಟಿಮೀಟರಿಗೊಂದರಂತೆ ಹಾರೆಯಿಂದ ತೂತು ಮಾಡಿ. ಬಾಗಿಲಿಗೆ ಜಾಗ ಬಿಟ್ಟರೆ ಸುಮಾರು 18 ತೂತು ಆಗುತ್ತವೆ. ಆಳವೂ 40 ಸೆಂಟಿಮೀಟರ್ ಇರಲಿ. ಹೆಬ್ಬೆರಳು ದಪ್ಪದ, ಮೂರೂವರೆ ಮೀಟರ್ ಉದ್ದದ ಕಡ್ಡಿಗಳನ್ನು ದಪ್ಪ ತುದಿ ಕೆಳಗೆ ಮಾಡಿ ಇಳಿಸಿ. ಮುಧೀಫ್‌ನಲ್ಲಿ ಮಾಡುವ ಹಾಗೆ ಸ್ವಲ್ಪ ಹೊರಕ್ಕೆ ವಾಲಿಸಿ. ಸುತ್ತ ಮಣ್ಣನ್ನು ಕಾಲಿನಿಂದ ಗಟ್ಟಿಯಾಗಿ ತುಳಿಯಿರಿ. ಒಳಗೆ ಗಾಳಿ ಉಳಿದರೆ ಬೇರು ಬರುವುದಿಲ್ಲ. ಆಮೇಲೆ ಎದುರುಬದುರಿನ ಜೋಡಿಯನ್ನು ಮೆಲ್ಲಗೆ ಬಗ್ಗಿಸಿ, ತುದಿಗಳನ್ನು ಒಂದರ ಮೇಲೊಂದು ಸುತ್ತಿ ಕಟ್ಟಿ. ಬಗ್ಗಿಸುವಾಗ ಒಂದೇ ಜಾಗದಲ್ಲಿ ಒತ್ತಬೇಡಿ. ಕೈಯನ್ನು ಕಡ್ಡಿಯುದ್ದಕ್ಕೂ ಜಾರಿಸುತ್ತಾ, ಸ್ವಲ್ಪ ಸ್ವಲ್ಪವೇ ಬಾಗಿಸಿ. ‘ಚಟ್’ ಅಂದರೆ ಮುಗಿಯಿತು, ಬೇರೆ ಕಡ್ಡಿ ತೆಗೆದುಕೊಳ್ಳಿ. ಇವು ನಿಂತ ಮೇಲೆ ಕಿರುಬೆರಳು ದಪ್ಪದ ಕಡ್ಡಿಗಳನ್ನು ಪ್ರತಿ ಸಂದಿಯಲ್ಲೂ ಎರಡೆರಡು, ಒಂದು ಬಲಕ್ಕೆ ಒಂದು ಎಡಕ್ಕೆ ಓರೆಯಾಗಿ ನೆಟ್ಟು ಹೆಣೆಯುತ್ತಾ ಹೋಗಿ. ಆಗ ಗೋಡೆಯಲ್ಲಿ ವಜ್ರದ ಆಕಾರದ ಕಿಂಡಿಗಳು ಬರುತ್ತವೆ. ಚಂದಕ್ಕಷ್ಟೇ ಅಲ್ಲ, ಗುಮ್ಮಟವನ್ನು ತಿರುಚದಂತೆ ಹಿಡಿಯುವುದೂ ಈ ಓರೆ ಕಡ್ಡಿಗಳೇ.

ಕಟ್ಟಲು ತಂತಿ ಬೇಡ. ಕಡ್ಡಿ ದಪ್ಪವಾದಂತೆ ತಂತಿ ತೊಗಟೆಯೊಳಗೆ ಹೂತು ಕತ್ತು ಹಿಸುಕುತ್ತದೆ, ಮೇಲಿನ ಭಾಗ ಸಾಯುತ್ತದೆ. ತೆಂಗಿನ ನಾರಿನ ಹಗ್ಗ ಒಳ್ಳೆಯದು. ಜರ್ಮನಿಯ ತೋಟದ ಅಂಗಡಿಗಳಲ್ಲೂ ಸಿಗುತ್ತದೆ. ಒಂದೆರಡು ವರ್ಷದಲ್ಲಿ ಅದು ಸವೆದು ಬೀಳುವ ಹೊತ್ತಿಗೆ ಕಡ್ಡಿಗಳೇ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಬಿಗಿಯಾಗಿ ಒತ್ತಿ ಕೂತ ಜಾಗದಲ್ಲಿ ತೊಗಟೆ ಬೆರೆತು ಎರಡು ಕಡ್ಡಿ ಒಂದೇ ಆಗುವುದೂ ಉಂಟು. ಇದನ್ನೇ ಹಿಡಿದುಕೊಂಡು ಫರ್ಡಿನಾಂಡ್ ಲುಡ್ವಿಗ್ ಎಂಬ ವಾಸ್ತುಶಿಲ್ಪಿ ಮತ್ತು ಅವರ ಜೊತೆಗಾರರು ಷ್ಟುಟ್‌ಗಾರ್ಟ್‌ನಲ್ಲಿ ‘ಬೌಬೊಟಾನಿಕ್’ (ಜೀವಂತ ಗಿಡಗಳಿಂದಲೇ ಕಟ್ಟುವ ವಿದ್ಯೆ) ಎಂಬ ಒಂದು ಅಧ್ಯಯನ ಶಾಖೆಯನ್ನೇ ಬೆಳೆಸಿದರು. 2012ರಲ್ಲಿ ನಾಗೋಲ್ಡ್ ಊರಿನಲ್ಲಿ ಚಿನಾರ್ ಕುಲದ ಮರಗಳನ್ನು ಬೆಸೆದು ಮೂರು ಅಂತಸ್ತಿನ, ಘನಾಕಾರದ ಹಸಿರು ಕಟ್ಟಡ ಎಬ್ಬಿಸಿದರು. ಮೇಘಾಲಯದ ಜೀವಂತ ಬೇರು ಸೇತುವೆಗಳನ್ನು ಅಳೆದು ಅಧ್ಯಯನ ಮಾಡಿದ ತಂಡದಲ್ಲೂ ಲುಡ್ವಿಗ್ ಇದ್ದರು. ಖಾಸಿ ಹಳ್ಳಿಗರು ಯಾವ ವಿಶ್ವವಿದ್ಯಾಲಯವನ್ನೂ ಕೇಳದೆ ರಬ್ಬರ್ ಆಲದ ಬೇರುಗಳನ್ನು ಹಳ್ಳದ ಆಚೆ ದಡಕ್ಕೆ ಹಾಯಿಸಿ ಬೆಸೆದವರು. ಕಲಿಯಲು ಜರ್ಮನಿಯಿಂದ ಬಂದರು ಅನ್ನುವುದು ನನಗಂತೂ ಖುಷಿಯ ಸುದ್ದಿ.

ಮೊದಲ ಬೇಸಿಗೆ ನೀರು ತಪ್ಪಿಸಬೇಡಿ. ಆಮೇಲೆ ಬರುವ ತೊಂದರೆ ಬೇರೆ ಥರದ್ದು. ಎರಡು ಮೂರು ವರ್ಷಕ್ಕೆ ನೆತ್ತಿಯ ಮೇಲೆ ಕಾಡು, ಬುಡದಲ್ಲಿ ಬೋಳು ಆಗುತ್ತದೆ. ಗಿಡ ಮೇಲಕ್ಕೇ ಓಡುವುದು ಸಹಜ. ಅದಕ್ಕೆ ಪ್ರತಿ ಚಳಿಗಾಲ ನೆತ್ತಿಯನ್ನು ಚೆನ್ನಾಗಿ ಸವರಿ, ಬುಡದ ಹತ್ತಿರ ಬಂದ ಚಿಗುರುಗಳನ್ನು ಮಾತ್ರ ಗೋಡೆಯೊಳಕ್ಕೆ ಹೆಣೆಯಬೇಕು. ಎರಡು ವರ್ಷ ಬಿಟ್ಟರೆ ಅದು ಗುಡಿಸಲಾಗಿ ಉಳಿಯುವುದಿಲ್ಲ, ವಿಲೋ ತೋಪಾಗುತ್ತದೆ. ಸವರುವ ಕೆಲಸ ಫೆಬ್ರವರಿಯೊಳಗೆ ಮುಗಿಯಲಿ. ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಬೇಲಿ, ಪೊದೆಗಳನ್ನು ಬುಡಕ್ಕೆ ಕಡಿಯುವುದಕ್ಕೆ ಜರ್ಮನಿಯ ನಿಸರ್ಗ ರಕ್ಷಣೆ ಕಾಯ್ದೆಯಲ್ಲಿ ತಡೆ ಇದೆ, ಹಕ್ಕಿಗಳು ಗೂಡು ಕಟ್ಟುವ ಕಾಲ ಅದು. ಹೊಸ ಚಿಗುರನ್ನು ಹಗುರವಾಗಿ ಸವರಲು ಅಡ್ಡಿಯಿಲ್ಲ. ಒಂದೆರಡು ಕೊಂಬೆಯನ್ನು ಹೂವಿಗೆ ಬಿಡಿ. ಚಳಿ ಮುಗಿಯುವಾಗ ಜೇನುಹುಳಗಳಿಗೆ ಸಿಗುವ ಮೊದಲ ಆಹಾರಗಳಲ್ಲಿ ವಿಲೋ ಹೂವೂ ಒಂದು.

ಕಡ್ಡಿಯನ್ನು ದುಡ್ಡು ಕೊಟ್ಟು ತರಬೇಡಿ. ಹೊಳೆದಂಡೆಗಳಲ್ಲಿ ನೆತ್ತಿ ಕಡಿದ, ದಪ್ಪ ತಲೆಯ ವಿಲೋ ಮರಗಳನ್ನು ನೋಡಿರುತ್ತೀರಿ. ಅವನ್ನು ಕೆಲವು ವರ್ಷಕ್ಕೊಮ್ಮೆ ಸವರದಿದ್ದರೆ ಕೊಂಬೆಗಳ ಭಾರಕ್ಕೆ ಮರ ಸೀಳುತ್ತದೆ. ನಾಬು ಎಂಬ ನಿಸರ್ಗ ಸಂಘದ ಊರೂರಿನ ಗುಂಪುಗಳು ಚಳಿಗಾಲದ ಶನಿವಾರಗಳಲ್ಲಿ ಈ ಕೆಲಸ ಮಾಡುತ್ತವೆ. ಕೈಗವಸು ಹಾಕಿಕೊಂಡು ಒಂದು ದಿನ ಜೊತೆಗೆ ನಿಂತರೆ ಕಡ್ಡಿಗೇನೂ ಬರ ಇರುವುದಿಲ್ಲ. ನೆಡುವವರೆಗೆ ಬುಡವನ್ನು ಬಕೆಟ್ ನೀರಿನಲ್ಲಿ ನಿಲ್ಲಿಸಿಡಿ.

ಇನ್ನು ಮೂರನೆಯ ಪ್ರಶ್ನೆ. ವರ್ಷ ವರ್ಷ ಕೆಲಸ ಕೇಳುವುದು ಸುಸ್ಥಿರ ಹೇಗೆ? ಪೆರುವಿನ ಕುಸ್ಕೋ ಪ್ರಾಂತ್ಯದಲ್ಲಿ, ಅಪುರಿಮಾಕ್ ನದಿಯ ಮೇಲೆ ಕೆಸ್ವಚಾಕಾ ಎಂಬ ಸೇತುವೆಯಿದೆ. ಪೂರ್ತಿ ಹುಲ್ಲಿನ ಹಗ್ಗದ್ದು, ಉದ್ದ 28 ಮೀಟರಿನ ಆಸುಪಾಸು. ಪ್ರತಿ ಜೂನ್‌ನಲ್ಲಿ ಸುತ್ತಲಿನ ನಾಲ್ಕು ಊರಿನವರು ಸೇರುತ್ತಾರೆ. ಮನೆ ಮನೆಯಿಂದ ಹೊಸೆದ ಸಣ್ಣ ಹಗ್ಗ ಬರುತ್ತದೆ, ಸಣ್ಣದನ್ನು ಸೇರಿಸಿ ದಪ್ಪದ್ದು, ದಪ್ಪದ್ದನ್ನು ಹೆಣೆದು ತೋಳಿನಷ್ಟು ದಪ್ಪದ್ದು. ಮೂರು ದಿನ ಕೆಲಸ, ನಾಲ್ಕನೇ ದಿನ ಹಬ್ಬ. ಹಳೆಯ ಸೇತುವೆಯನ್ನು ಕಡಿದು ನದಿಗೆ ಬಿಡುತ್ತಾರೆ. ಇಂಕಾ ಕಾಲದಿಂದ ನಡೆದು ಬಂದದ್ದು ಇದು, 2013ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. 2020ರಲ್ಲಿ ಕೋವಿಡ್ ಬಂತು, ಆ ಜೂನ್ ತಪ್ಪಿತು. 2021ರ ಮಾರ್ಚ್‌ನಲ್ಲಿ ಸೇತುವೆ ಬಿತ್ತು. ಜೂನ್‌ನಲ್ಲಿ ಮತ್ತೆ ಕಟ್ಟಿದರು.

ಇದನ್ನು ಎರಡು ಥರ ನೋಡಬಹುದು. ಒಂದು ವರ್ಷ ತಪ್ಪಿದರೆ ಬೀಳುವ ಸೇತುವೆ ಎಂಥದ್ದು ಅನ್ನಬಹುದು. ಬಿದ್ದ ಸೇತುವೆಯನ್ನು ಹೊರಗಿನ ಸಾಮಾನು, ಹೊರಗಿನ ಇಂಜಿನಿಯರ್ ಇಲ್ಲದೆ ತಾವೇ ಮತ್ತೆ ಕಟ್ಟಬಲ್ಲ ಊರು ಅದು ಅಂತಲೂ ಅನ್ನಬಹುದು. ನಾನು ಎರಡನೆಯ ಪಕ್ಷ. ಆದರೆ ಹುಲ್ಲು, ಸೋಗೆ ಅಂದಕೂಡಲೇ ಸುಸ್ಥಿರ ಅಂತ ಹಾಡಿ ಹೊಗಳುವವರ ಪಕ್ಷವೂ ಅಲ್ಲ. ದೂರದಿಂದ ಲಾರಿಯಲ್ಲಿ ಹುಲ್ಲು ತರಿಸಿ, ರಾಸಾಯನಿಕ ಬಳಿದು, ರೆಸಾರ್ಟಿನ ಮಾಡಿಗೆ ಹೊದಿಸಿದರೆ ಅದು ಅಲಂಕಾರ, ಅಷ್ಟೇ. ಸಾಮಾನು ಹತ್ತಿರವೇ ಬೆಳೆಯಬೇಕು, ಕೊಯ್ದಷ್ಟು ಮತ್ತೆ ಬರಬೇಕು, ಮುಗಿದ ಮೇಲೆ ಮಣ್ಣಿಗೆ ಹೋಗಬೇಕು. ಇದಕ್ಕಿಂತ ಮುಖ್ಯವಾಗಿ, ಕೆಲಸ ಗೊತ್ತಿರುವ ಕೈ ಊರಿನಲ್ಲಿರಬೇಕು.

ನಮ್ಮ ಕಡೆ ಸೋಗೆ, ಮುಳಿಹುಲ್ಲಿನ ಮಾಡು ಹೋದದ್ದಕ್ಕೂ ಕಾರಣವಿದೆ. ಸುಮ್ನೆ ಆಧುನಿಕತೆಯನ್ನು ಬಯ್ದು ಪ್ರಯೋಜನವಿಲ್ಲ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ಅದರ ಹಿಂದೆ ಇದ್ದವರು ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಶನರಿ. ನಮ್ಮನ್ನು ಹುಲ್ಲಿನಿಂದ ಹಂಚಿಗೆ ಹತ್ತಿಸಿದವರಲ್ಲಿ ಜರ್ಮನರೂ ಇದ್ದರು, ಈಗ ಜರ್ಮನಿಯಲ್ಲಿ ಕೂತು ನೀವು ಹುಲ್ಲಿನ ಮಾಡಿನ ಬಗ್ಗೆ ಕೇಳುತ್ತಿದ್ದೀರಿ! ಹಂಚು ಗೆದ್ದದ್ದು ನ್ಯಾಯವಾಗಿಯೇ. ಹುಲ್ಲಿಗೆ ಬೆಂಕಿಯ ಭಯ, ಇಲಿ, ಇಲಿಯ ಹಿಂದೆ ಹಾವು. ಪ್ರತಿ ಮಳೆಗಾಲಕ್ಕೆ ಮುಂಚೆ ಹೊಸದಾಗಿ ಹೊದಿಸುವ ಗಡಿಬಿಡಿ ಬೇರೆ. ವಾಸದ ಮನೆಗೆ ಮತ್ತೆ ಸೋಗೆ ಹೊದಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಆದರೆ ಅಂಗಳದ ಚಪ್ಪರದ ಮಾತು ಬೇರೆ. ಅದು ಮೊದಲಿನಿಂದಲೂ ಕೆಲವು ತಿಂಗಳಿಗೆಂದೇ ಕಟ್ಟುವುದು. ದೀಪಾವಳಿ ಕಳೆದು, ಮಳೆ ಪೂರ್ತಿ ಬಿಟ್ಟ ಮೇಲೆ ಅಡಿಕೆ ಮರದ ಕಂಬ ನಿಲ್ಲಿಸಿ, ದಬ್ಬೆ (ಅಡಿಕೆ ಮರ ಸೀಳಿ ಮಾಡಿದ ಪಟ್ಟಿ) ಹಾಸಿ ಕಟ್ಟುತ್ತಾರೆ. ಕೊನೆಕೊಯ್ಲಿಗೆ ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸಕ್ಕೆ, ಅಡಿಕೆ ಒಣಗಿಸಲಿಕ್ಕೆ, ಬೇಸಿಗೆಯ ನೆರಳಿಗೆ, ಮನೆಯಲ್ಲಿ ಮದುವೆ ಮುಂಜಿ ಇದ್ದರೆ ಅದಕ್ಕೂ ಅದೇ. ಮುಂಗಾರು ಬರುವ ಮುಂಚೆ ಬಿಚ್ಚಿ, ದಬ್ಬೆಯನ್ನು ಅಟ್ಟಕ್ಕೆ ಏರಿಸುತ್ತಾರೆ. ಹಳೆಯ ಸೋಗೆ ತೋಟಕ್ಕೋ ಗೊಬ್ಬರದ ಗುಂಡಿಗೋ ಹೋಗುತ್ತದೆ. ಕೆಲವು ಮನೆಗಳಲ್ಲಿ ಮಳೆಗಾಲಕ್ಕೆ ಮಣ್ಣಿನ ಗೋಡೆಗೆ ಸೋಗೆಯ ತಟ್ಟಿ ಕಟ್ಟಿ ಎರಚಲು ತಡೆಯುವುದೂ ಇತ್ತು. ಬೇಸಿಗೆಗೆ ಒಂದು ಮನೆ, ಮಳೆಗಾಲಕ್ಕೆ ಒಂದು ಮನೆ. ಋತುಮಾನದ ವಾಸ್ತುಶಿಲ್ಪ ಅಂತ ಯುರೋಪಿನಲ್ಲಿ ಈಗ ಕಮ್ಮಟ ನಡೆಸುವುದು ಇದರ ಬಗ್ಗೆಯೇ. ನಿಮ್ಮ ತಂದೆಯವರು ನಕ್ಕಿದ್ದರಲ್ಲಿ ತಪ್ಪೇನಿಲ್ಲ, ಅಲ್ವಾ?

ಈಗ ಎರಡನೆಯ ಪ್ರಶ್ನೆ. ಸೂಟ್‌ಕೇಸಿನಲ್ಲಿ ವಿಲೋ ಕಡ್ಡಿ ತರಬೇಡಿ. ಮೊದಲನೆಯದಾಗಿ ಅದು ಕಾನೂನಿಗೆ ವಿರುದ್ಧ. ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ನೆಡುವ ಕಡ್ಡಿ ತರಲು ಆಮದು ಪರವಾನಗಿ, ರೋಗವಿಲ್ಲವೆಂಬ ಪ್ರಮಾಣಪತ್ರ ಎರಡೂ ಬೇಕು. ಲಂಟಾನ ಎಂಬ ಪೊದೆಯನ್ನು ಅಂದಕ್ಕೆಂದು ಹೊರದೇಶದಿಂದ ತಂದ ಪರಿಣಾಮ ನಮ್ಮ ಕಾಡುಗಳಲ್ಲಿ ಕಾಣುತ್ತಲೇ ಇದೆ. ಎರಡನೆಯದಾಗಿ, ತಂದರೂ ಕೆಲಸ ಆಗುವುದಿಲ್ಲ. ಆ ಗಿಡದ ಇಡೀ ಲೆಕ್ಕ ನಿಂತಿರುವುದು ಚಳಿಗಾಲದ ನಿದ್ದೆಯ ಮೇಲೆ. ಶಿರಸಿಯಲ್ಲಿ ಆ ನಿದ್ದೆಗೆ ಬೇಕಾದ ಚಳಿ ಇಲ್ಲ. ನಮ್ಮ ದೇಶದಲ್ಲಿ ವಿಲೋ ಮನೆಗೆ ಸಲ್ಲುವ ಜಾಗ ಲಡಾಖ್. ಅಲ್ಲಿ ಪಾಪ್ಲರ್ ಮರದ ತೊಲೆಗಳ ಮೇಲೆ ವಿಲೋ ಕಡ್ಡಿಗಳನ್ನು ಒತ್ತೊತ್ತಾಗಿ ಜೋಡಿಸಿ, ಮೇಲೆ ಹುಲ್ಲು, ಅದರ ಮೇಲೆ ಮಣ್ಣು ಹಾಕಿ ಚಪ್ಪಟೆ ಮಾಡು ಮಾಡುತ್ತಾರೆ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 100 ಮಿಲಿಮೀಟರ್ ಮಳೆ. ಶಿರಸಿಯಲ್ಲಿ ಅಷ್ಟು ಜುಲೈನ ಒಂದು ದಿನಕ್ಕೇ ಬಿದ್ದುಹೋಗಬಹುದು. ನಮ್ಮ ಹೊಳೆದಂಡೆಗಳಲ್ಲೂ ಸ್ಯಾಲಿಕ್ಸ್ ಟೆಟ್ರಾಸ್ಪರ್ಮಾ ಎಂಬ ಕಾಡು ವಿಲೋ ಬೆಳೆಯುತ್ತದೆ. ಅದು ಹೊಳೆಯಂಚಿನಲ್ಲೇ ಇರಲಿ, ದಂಡೆ ಹಿಡಿದಿಡುವ ಕೆಲಸ ಅದಕ್ಕಿದೆ.

ವಿಲೋದ ಗುಣಕ್ಕೆ ಹತ್ತಿರದ ಗಿಡ ಬೇಕಿದ್ದರೆ ದೂರ ಹೋಗಬೇಕಿಲ್ಲ. ಬೇಲಿಯಲ್ಲಿರುವ ಲಕ್ಕಿಗಿಡವನ್ನು ನೋಡಿ. ಕಡಿದಷ್ಟೂ ಬುಡದಿಂದ ನೇರ ಕಡ್ಡಿ ಎಬ್ಬಿಸುತ್ತದೆ, ಬಗ್ಗುತ್ತದೆ, ಮಳೆಗಾಲದ ಶುರುವಿನಲ್ಲಿ ಕಡ್ಡಿ ಊರಿದರೆ ಬದುಕುತ್ತದೆ, ದನ ಆಡು ಅಷ್ಟಾಗಿ ಮುಟ್ಟುವುದಿಲ್ಲ. ಬುಟ್ಟಿ, ತಟ್ಟಿ ಹೆಣೆಯಲು ಇದರ ಕಡ್ಡಿಯನ್ನು ಬಳಸುವುದು ಹಳೆಯ ರೂಢಿ. ಗಟ್ಟಿ ಗೂಟವಾಗಿ ಊರಿ ಬೇರು ಬರಿಸಬೇಕಿದ್ದರೆ ಗ್ಲಿರಿಸಿಡಿಯಾ ಇದೆ, ಹಾಲವಾಣ ಇದೆ. ಕಾಳುಮೆಣಸು ಹಬ್ಬಿಸಲು ನಿಮ್ಮ ಮನೆಯವರೇ ನೆಟ್ಟಿರಬಹುದು. ಒಣ ಕಡ್ಡಿಯ ಕೆಲಸಕ್ಕೆ ಲಂಟಾನವೂ ಆಗುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದನ್ನು ಬೇಯಿಸಿ, ತೊಗಟೆ ಸುಲಿದು, ಬಿಸಿಯಿರುವಾಗಲೇ ಬಗ್ಗಿಸಿ ಕುರ್ಚಿ ಮೇಜು ಮಾಡುತ್ತಾರೆ.

ಶಾಲೆಗೆ ಏನು ಕಟ್ಟಬೇಕು ಅನ್ನುವುದಕ್ಕೆ ಮುಂಚೆ ಏನು ಕಟ್ಟಬಾರದು ಅಂತ ಹೇಳಿಬಿಡುತ್ತೇನೆ. ಒಣ ಸೋಗೆ, ಒಣ ಹುಲ್ಲಿನ ಮಾಡು ಶಾಲೆಗೆ ಬೇಡವೇ ಬೇಡ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಒಂದು ಶಾಲೆಯಲ್ಲಿ ಅಡುಗೆ ಕೋಣೆಯ ಗರಿ ಮಾಡಿಗೆ ಹತ್ತಿದ ಬೆಂಕಿ ತರಗತಿಗಳ ಮಾಡಿಗೆ ಹಬ್ಬಿ 94 ಮಕ್ಕಳು ಸತ್ತರು. ಮನೆಯ ಅಂಗಳದಲ್ಲಿ, ದೊಡ್ಡವರ ಕಣ್ಣಳತೆಯಲ್ಲಿ, ಸುತ್ತ ತೆರೆದಿರುವ ಚಪ್ಪರಕ್ಕೆ ಸೋಗೆ ಸರಿ. ಮಕ್ಕಳು ಗುಂಪಾಗಿ ಕೂರುವ ಜಾಗಕ್ಕೆ ಅಲ್ಲ.

ಹಾಗಾಗಿ ಶಾಲೆಗೆ ನನ್ನ ಸಲಹೆ ಹಸಿ ಬಳ್ಳಿಯ ಚಪ್ಪರ. ನೀವು ಡಿಸೆಂಬರ್ ರಜೆಗೆ ಬರುವುದಾದರೆ ಕಂಬದ ಕೆಲಸಕ್ಕೆ ಅದು ಸರಿಯಾದ ಹೊತ್ತು. ಕಂಬಕ್ಕೆ ಬಿದಿರು ಅಥವಾ ಬಲಿತ ಅಡಿಕೆ ಮರದ ಬುಡದ ಭಾಗ. ಅಡಿಕೆ ಮರದ ಗಟ್ಟಿ ಎಲ್ಲ ಹೊರಸುತ್ತಿನಲ್ಲಿರುತ್ತದೆ, ಒಳಗಿನದು ಬರೀ ಮೆತ್ತನೆಯ ತಿರುಳು. ಎಳೆಯ ಮರವೋ ತುದಿಯ ತುಂಡೋ ಆದರೆ ಒಂದು ಮಳೆಗೇ ಕೊಳೆಯುತ್ತದೆ. ದಬ್ಬೆ ಸೀಳಿದ ಮೇಲೆ ಆ ತಿರುಳನ್ನು ಕತ್ತಿಯಿಂದ ಪೂರ್ತಿ ಕೆತ್ತಿ ತೆಗೆಯಬೇಕು, ಒರಲೆ ಮೊದಲು ಬರುವುದು ಅದಕ್ಕೇ. ಬಿದಿರಾದರೆ ಮೂರು ವರ್ಷ ದಾಟಿದ್ದಿರಲಿ, ಮಳೆಗಾಲದಲ್ಲಿ ಕಡಿದದ್ದು ಬೇಡ. ಆಗ ಅದರಲ್ಲಿ ಪಿಷ್ಟ ಜಾಸ್ತಿ, ಕುಟ್ಟೆ ಹುಳಕ್ಕೆ ಅದು ಊಟ. ಅಮಾವಾಸ್ಯೆಯ ಹತ್ತಿರ ಕಡಿಯಬೇಕು ಅಂತ ಹಳಬರು ಹೇಳುತ್ತಾರೆ. ಪಾಲಿಸಿದರೆ ನಷ್ಟವೇನಿಲ್ಲ, ಆದರೆ ತಿಥಿಗಿಂತ ತಿಂಗಳು ಮುಖ್ಯ. ಕಡಿದ ಗಳುಗಳನ್ನು ಕೆಲವು ವಾರ ಹರಿಯುವ ನೀರಿನಲ್ಲಿ ಮುಳುಗಿಸಿಟ್ಟರೆ ಪಿಷ್ಟ ತೊಳೆದು ಹೋಗುತ್ತದೆ. ಅಂದ ಹಾಗೆ, 2017ರ ತಿದ್ದುಪಡಿಯ ನಂತರ ಕಾಡಿನ ಹೊರಗೆ ಬೆಳೆದ ಬಿದಿರು ಅರಣ್ಯ ಕಾಯ್ದೆಯ ಲೆಕ್ಕದಲ್ಲಿ ಮರವಲ್ಲ. ನಿಮ್ಮ ಸ್ವಂತ ಜಮೀನಿನದ್ದಾದರೆ ಮೊದಲಿನ ತಾಪತ್ರಯ ಇಲ್ಲ.

ಕಂಬವನ್ನು ಮಣ್ಣಿಗೆ ಹೂಳಿದರೆ ಬುಡ ಬೇಗ ಹೋಗುತ್ತದೆ. ಚಿರೇಕಲ್ಲಿನ ಕಟ್ಟೆಯಲ್ಲಿ ಕುಳಿ ಮಾಡಿ, ನೀರು ನಿಲ್ಲದಂತೆ ಕೂರಿಸಿ. ಮೇಲಿನ ಚೌಕಟ್ಟಿಗೆ ಮೊಳೆ ಹೊಡೆಯಬೇಡಿ, ದಬ್ಬೆಯೂ ಬಿದಿರೂ ಸೀಳುತ್ತವೆ. ತೆಂಗಿನ ಹಗ್ಗದಿಂದ ಕಟ್ಟಿ, ಮುಂದಿನ ವರ್ಷ ಸಡಿಲಾದದ್ದನ್ನು ಬಿಚ್ಚಿ ಬಿಗಿ ಮಾಡಬಹುದು. ಸೀಳಿದ ಬೆತ್ತವೋ ಕಾಡುಬಳ್ಳಿಯೋ ಸಿಕ್ಕರೆ ನೆನೆಸಿ, ಒದ್ದೆಯಿರುವಾಗಲೇ ಕಟ್ಟಿ. ಒಣಗುತ್ತಾ ತಾನೇ ಬಿಗಿಯಾಗುತ್ತದೆ. ಗೋಡೆಯ ಬದಲು ಮೂರು ಬದಿಗೂ ಲಕ್ಕಿ ಕಡ್ಡಿಯ ಬೇಲಿ ಊರಿ, ಆದರೆ ಆ ಕೆಲಸ ಜೂನ್‌ನಲ್ಲಿ. ಎರಡು ಮಳೆಗಾಲ ಕಳೆದರೆ ಅದನ್ನು ಮಕ್ಕಳ ಎದೆಮಟ್ಟಕ್ಕೆ ಹೆಣೆದು ನಿಲ್ಲಿಸಬಹುದು. ನಿಮ್ಮ ಮಗಳ ಗುಡಿಸಲಿನ ವಜ್ರದ ಕಿಂಡಿ ಇಲ್ಲೂ ಬರುತ್ತದೆ. ವರ್ಷಕ್ಕೊಮ್ಮೆ ಸವರುವ ಕೆಲಸವನ್ನು ಶಾಲೆ ಶುರುವಾಗುವ ವಾರಕ್ಕೆ ಗಂಟು ಹಾಕಿ, ಆಗ ಯಾರೂ ಮರೆಯುವುದಿಲ್ಲ.

ಮೊದಲ ಮಳೆಗೆ ಕಂಬದ ಬುಡದಲ್ಲಿ ಹೀರೆ, ಪಡವಲ, ಹಾಗಲದ ಬೀಜ ಹಾಕಿಸಿ. ಆಗಸ್ಟ್ ಹೊತ್ತಿಗೆ ಚಪ್ಪರ ತುಂಬುತ್ತದೆ, ಕಾಯಿ ಬಿಸಿಯೂಟಕ್ಕೆ ಆಗುತ್ತದೆ. ಮಳೆ ಬಿಟ್ಟ ಮೇಲೆ ಅವು ಒಣಗುತ್ತವೆ, ಒಣ ಬಳ್ಳಿಯನ್ನು ಮೇಲೆ ಬಿಡಬೇಡಿ, ಪೂರ್ತಿ ತೆಗೆಸಿ. ಆಗ ಬಸಳೆ ಹಬ್ಬಿಸಿದರೆ ಮಾರ್ಚ್‌ವರೆಗೂ ಹಸಿರು ನೆರಳು ಸಿಗುತ್ತದೆ, ನೀರೊಂದು ಬೇಕು. ಏಪ್ರಿಲ್ ಮೇ ರಜೆಯಲ್ಲಿ ಚೌಕಟ್ಟು ಬರಿದಾಗಿ ನಿಲ್ಲಲಿ, ದಬ್ಬೆ ಬದಲಿಸಲು ಆಗಲೇ ಸಲೀಸು. ದಬ್ಬೆ ಸೀಳುವುದು, ಕೆತ್ತುವುದು ಊರಿನಲ್ಲಿ ಯಾರಿಗೆ ಇನ್ನೂ ಬರುತ್ತದೆ ಅಂತ ನಿಮ್ಮ ತಂದೆಯವರಿಗೆ ಗೊತ್ತಿರುತ್ತದೆ. ಅವರಿಂದ ಕಲಿಯಲು ಮಕ್ಕಳಿಗೂ ಒಂದು ದಿನ ಇಡಿಸಿ. ಮಂಗಗಳ ಕಾಟ ಜಾಸ್ತಿ ಇದ್ದರೆ ತರಕಾರಿಯ ಆಸೆ ಬಿಟ್ಟು ಶಂಖಪುಷ್ಪ ಹಬ್ಬಿಸಿ.